ಗಿಣ್ಣಿನ ಡಬ್ಬಿಗೆ ಹಾಕಿದ ಹಾಳೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಸ್ವಲ್ಪ ಉಬ್ಬಿಹೋಗುತ್ತೇನೆ. ಹರಳೆಣ್ಣೆಯಿಂದ ತೆಗೆದ ಒಂದು ಆಮ್ಲಕ್ಕೆ ಗ್ಲಿಸರಿನ್ ಬೆರೆಸಿ, ದಿನಗಟ್ಟಲೆ ಬಿಸಿಯಲ್ಲಿಟ್ಟು, ಎಳೆದರೆ ಮೆತ್ತಗೆ ಹಿಗ್ಗುವ ತೆಳು ಹಾಳೆ ಮಾಡುವುದು. ಗಾಯದ ಮೇಲಿಟ್ಟರೆ ಅದರ ಆಸರೆಯಲ್ಲಿ ಹೊಸ ಚರ್ಮ ಬೆಳೆಯಬೇಕು. ಚರ್ಮ ಬೆಳೆದಂತೆಲ್ಲ ಹಾಳೆ ತಾನಾಗಿ ಕರಗಿಹೋಗಬೇಕು. ಬೇಕು ಎನ್ನುತ್ತಿದ್ದೇನೆ, ಗಮನಿಸಿ. ಮನುಷ್ಯರ ಮೈಮೇಲೆ ಇಡುವ ಹಂತಕ್ಕೆ ಅದು ಇನ್ನೂ ಬಂದಿಲ್ಲ. ಈ ಕೆಲಸಕ್ಕಾಗಿ ದಿನಾ ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಲ್ಯಾಬಿಗೆ ಹೋಗುತ್ತೇನೆ.

ಅಮ್ಮ ಇರುವುದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಲ್ಲಿ, ತಮ್ಮನ ಸಂಸಾರದ ಜೊತೆ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಮಸಿಬಟ್ಟೆ ಹುಡುಕದೆ ಬರಿಗೈಯಲ್ಲೇ ಪಾತ್ರೆ ಇಳಿಸಿ ಬಲ ಅಂಗೈ ಸುಟ್ಟುಕೊಂಡಳು. ಬೆರಳುಗಳ ಬುಡದಲ್ಲಿ ಗಾಯ ಮಾಯುವುದು, ಕೈ ಮಡಿಸಿದರೆ ಮತ್ತೆ ಬಿರಿಯುವುದು. ಹಾಲು ಕರೆಯಬೇಡಿ, ಬೆರಳು ಹಾಗೇ ಮಡಿಚಿ ನಿಂತುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಹಸು ಈದಿತು. ಅದು ಅಮ್ಮನ ಕೈಗಲ್ಲದೆ ಬೇರೆಯವರಿಗೆ ಸೊರ ಬಿಡದು, ಕೆಚ್ಚಲಿಗೆ ಹಾಲೇ ಇಳಿಸದು. ತಮ್ಮ ಹತ್ತಿರ ಹೋದರೆ ಒದೆಯುತ್ತದೆ. ಅಮ್ಮ ಯಾರ ಮಾತೂ ಕೇಳಲಿಲ್ಲ.

ಆ ಭಾನುವಾರ ನಾನು ಊರಿಗೆ ಹೋದಾಗ ಒಂದು ಸ್ಟೀಲ್ ಡಬ್ಬಿ ತುಂಬ ಗಿಣ್ಣು ಕೊಟ್ಟು ಲ್ಯಾಬಿನವರಿಗೆಲ್ಲ ಹಂಚೆಂದಳು. ನಮ್ಮ ಕಡೆ ಗಿಣ್ಣಿನ ಡಬ್ಬಿಯನ್ನು ಖಾಲಿ ವಾಪಸ್ಸು ಕೊಡುವಂತಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಮುಂದಿನ ಭಾನುವಾರ ಹೊರಡುವಾಗ ಮನೆಯಲ್ಲಿ ಸಕ್ಕರೆ ಮುಗಿದಿತ್ತು. ಬ್ಯಾಗಿನಲ್ಲಿ ಬಿಸಾಡಲು ಇಟ್ಟಿದ್ದ ಹಾಳೆಯ ತುಂಡೊಂದು ಇತ್ತು, ಅದನ್ನೇ ಡಬ್ಬಿಗೆ ಹಾಕಿದೆ. ತಮಾಷೆಗೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಜಂಬಕ್ಕೆ.

ಅಮ್ಮ ಅದನ್ನು ಎಳೆದಳು, ಬಿಟ್ಟಳು, ಕೆನ್ನೆಗೆ ಒತ್ತಿಕೊಂಡಳು.

"ಕರಗೋಗೋದುನ್ನ ಮಾಡಾಕೆ ಇಷ್ಟು ವರ್ಸ ಓದ್ಬೇಕಾಯ್ತಾ?"

"ಉಂ ಕಣಮ್ಮ, ಅರಳೆಣ್ಣೇದು. ಇದ್ರಲ್ಲೇ ಚರ್ಮ ಬೆಳೀತದೆ," ಎಂದೆ. ಇನ್ನೂ ಪರೀಕ್ಷೆ ಮುಗಿದಿಲ್ಲ, ಗಾಯಕ್ಕೆ ಮುಟ್ಟಿಸಬೇಡ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ.

ಅದರ ಮುಂದಿನ ಭಾನುವಾರ ಹೋದಾಗ ಅಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅಂಗೈಗೆ ಬಟ್ಟೆ ಸುತ್ತಿತ್ತು. ಬಿಚ್ಚಿಸಿದೆ. ಗಾಯದ ಮೇಲೆ ನನ್ನ ಹಾಳೆ.

ಶುದ್ಧಿ ಮಾಡದ ಹಾಳೆ, ಅದರಲ್ಲಿ ಇನ್ನೂ ಏನೇನು ಉಳಿದಿತ್ತೋ. ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು. "ಬುದ್ಧಿ ಐತಾ ನಿನ್ಗೆ? ಕೈಯೇ ಓಗ್ಬಿಟ್ರೆ ಏನ್ ಮಾಡ್ತೀಯ?" ಎಂದು ಕಿರುಚಿದೆ.

ಅಮ್ಮ ದನಿ ಏರಿಸಲಿಲ್ಲ. "ಡಬ್ಬಿಯೊಳಗೆ ನೀನೇ ಆಕ್ಕೊಟ್ಟೆ. ನನ್ ಕೈಗೇ ತಂದಿದ್ದೀಯ ಅಂದ್ಕೊಂಡೆ."

ತಪ್ಪು ಅಮ್ಮನದಲ್ಲ. ಡಬ್ಬಿಯಲ್ಲಿ ಬಂದದ್ದು ಮನೆಗೆ ಕೊಟ್ಟದ್ದೆಂದೇ ಅರ್ಥ. ಅದನ್ನು ಅಮ್ಮನೇ ನನಗೆ ಕಲಿಸಿದ್ದು.

ತಮ್ಮನ ಬೈಕಿನಲ್ಲೇ ಅವಳನ್ನು ಕೂರಿಸಿಕೊಂಡು ಆಂಡರ್ಸನ್‌ಪೇಟೆಯ ಡಾಕ್ಟರ ಹತ್ತಿರ ಓಡಿದೆ. ಅವರು ನನ್ನನ್ನು ಚೆನ್ನಾಗಿ ಬೈದು ಗಾಯ ತೊಳೆದರು. ಪುಣ್ಯಕ್ಕೆ ಕೀವಾಗಿರಲಿಲ್ಲ. ತಟ್ಟೆಗೆ ಬಿದ್ದ ಹಾಳೆಯನ್ನು ನೋಡಿದೆ: ಬೆರಳುಗಳ ಬುಡ ಮಡಿಯುವ ಕಡೆಯೇ ಸಾಲಾಗಿ ಸೀಳಿತ್ತು. ಲ್ಯಾಬಿನಲ್ಲಿ ನಾವು ಅದನ್ನು ಎರಡು ತುದಿ ಹಿಡಿದು ನೇರ ಎಳೆದು ಮಾತ್ರ ನೋಡಿದ್ದೆವು. ಒದ್ದೆಗೈಯಲ್ಲಿ ಮೊಲೆ ಹಿಡಿದು ಒತ್ತಿ ಬಿಡುವ ಮುಷ್ಟಿಯ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಹಸು ಕಟ್ಟುವ ಮನೆಯಲ್ಲಿ ಹುಟ್ಟಿದ ನನಗೂ.

ರಜೆ ಹಾಕಿ ಅಲ್ಲೇ ಉಳಿದೆ. ಹಾಲು ಕರೆಯಲು ನಾನು ಕೂತೆ. ಅಮ್ಮ ಪಕ್ಕದಲ್ಲೇ ನಿಂತು ಎಡಗೈಯಿಂದ ಹಸುವಿನ ಗಂಗೆದೊಗಲು ನೀವುತ್ತ, "ನಮ್ ಮಗಳೇ ಕಣೇ, ಸುಮ್ಕಿರು," ಎನ್ನುತ್ತಿದ್ದಳು. ಮೂರು ದಿನ ಒದೆಸಿಕೊಂಡೆ. ನಾಲ್ಕನೆಯ ದಿನ ಸೊರ ಬಿಟ್ಟಿತು. ಅದನ್ನು ನೋಡಿದ ತಮ್ಮನೂ ಹಾಗೇ ಕಲಿತುಕೊಂಡ.

ಲ್ಯಾಬಿಗೆ ಮರಳಿದ ಮೇಲೆ ಹಾಳೆಯನ್ನು ಒದ್ದೆ ಮಾಡಿ ಸಾವಿರ ಸಲ ಮಡಿಸಿ ಬಿಡಿಸುವ ಪರೀಕ್ಷೆ ಶುರು ಮಾಡಿದೆವು. ಈಗಿನ ಹಾಳೆ ಬೇಗ ಸೀಳುವುದಿಲ್ಲ. ಆದರೆ ಮುಂದೆ ಇನ್ನೂ ಬಹಳ ಪರೀಕ್ಷೆಗಳಿವೆ, ವರ್ಷಗಳೇ ಬೇಕು. ಅಮ್ಮನ ಗಾಯ ಮಾಯಿತು. ಮೂರು ಬೆರಳು ಪೂರ್ತಿ ಬಿಚ್ಚುತ್ತವೆ, ಕಿರುಬೆರಳು ಮಡಿಚಿಯೇ ನಿಂತಿದೆ. ಅದು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೂರೇ ಬೆರಳಿನಲ್ಲಿ ಅವಳು ಮತ್ತೆ ಹಾಲು ಕರೆಯುತ್ತಾಳೆ.

ಡಬ್ಬಿ ಈಗಲೂ ಓಡಾಡುತ್ತಿದೆ. ಅತ್ತಲಿಂದ ತುಪ್ಪ, ಇತ್ತಲಿಂದ ಸಕ್ಕರೆ, ತಪ್ಪದೆ. ಕಳೆದ ವಾರ ಅಮ್ಮ ಮುಚ್ಚಳ ತೆಗೆದು ನೋಡಿದಳು.

"ಸಕ್ಕರೇನಾ? ಅದು ಇನ್ನೂ ಆಗಿಲ್ವೇನೇ?"

"ಇನ್ನೂ ಇಲ್ಲಮ್ಮ."

"ನಿಧಾನುಕ್ಕೇ ಮಾಡು," ಎಂದು ಮಡಿಚಿದ ಬೆರಳಿನ ಕೈಯಲ್ಲೇ ಮುಚ್ಚಳ ಹಾಕಿದಳು. "ನನ್ ಕೈ ಎಲ್ಲಿಗೋಗ್ತದೆ?"