ಬಾರೇ ಅಂದರೆ ಬರುವುದಿಲ್ಲ

ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಒಂದು ಬಿಸಿ ವಾಸನೆ ಏಳುತ್ತದೆ ನೋಡಿ, ನನಗೆ ಅದು ಕಾಫಿಗಿಂತ ಹೆಚ್ಚು. ಇವತ್ತು ಬೆಳಿಗ್ಗೆ ಅದೇ ಗುಂಗಿನಲ್ಲಿ, ನನ್ನ ಪುಟ್ಟ ಬೊಂಬೆ ಕಾರ್ಖಾನೆಗೆ ಹೊಸದಾಗಿ ಸೇರಿದ ನಸ್ರೀನಳನ್ನು "ಏ, ಬಾರೇ ಇಲ್ಲಿ" ಎಂದು ಕೂಗಿದೆ. ಅವಳು ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಊಹೂಂ! ಮೈಯೆಲ್ಲ ಉರಿದುಹೋಯಿತು. ಯಜಮಾನಿ ನಾನು, ಹೌದೋ ಅಲ್ಲವೋ?

ಆಮೇಲೆ ನಗು ಬಂತು. ಒಂದು ಕಾಲಕ್ಕೆ ಹೀಗೆ ತಿರುಗದೆ ಕೂತವರಲ್ಲಿ ನಾನೂ ಒಬ್ಬಳು.

ಆಗ ನಾನು, ನನಗಿಂತ ದೊಡ್ಡವಳಾದ ಜಯಮ್ಮ, ಇಬ್ಬರೂ ಚನ್ನಪಟ್ಟಣದ ಇನ್ನೊಂದು ಕಾರ್ಖಾನೆಯಲ್ಲಿ ಅಕ್ಕಪಕ್ಕದ ಲೇತಿನಲ್ಲಿದ್ದೆವು. ಯಜಮಾನರು ಕೆಟ್ಟವರೇನಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ಬಣ್ಣ ಮಾತ್ರ ಅವರದೇ ಆಯ್ಕೆ. ಆ ಗಿಳಿಹಸಿರು ಉಟ್ಟು ನಾನು ಥೇಟ್ ನಾವು ಮಾಡುವ ಬೊಂಬೆಯ ಹಾಗೇ ಕಾಣುತ್ತಿದ್ದೆ. ಆದರೆ ಗಂಡಸರಿಗೆ "ಬಾರಪ್ಪ", ಹೆಂಗಸರಿಗೆಲ್ಲ "ಬಾರೇ". ಮಗಳ ಮದುವೆ ಮಾಡಿ ಮುಗಿಸಿದ್ದ ಜಯಮ್ಮನಿಗೂ "ಬಾರೇ". ಒಂದು ದಿನ ಅವಳು ಲೇತ್ ನಿಲ್ಲಿಸಿ ಎದ್ದಳು.

"ಸಾಮಿ, ನಂಗೊಂದು ಹೆಸ್ರೈತೆ. ಬಾರೇ ಅನ್ಬ್ಯಾಡಿ."

"ನಾಳೆಯಿಂದ ಬರ್ಲೇಬ್ಯಾಡ, ಹೋಗೇ!" ಎಂದುಬಿಟ್ಟರು.

ಜಯಮ್ಮನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಕೆಲಸದಿಂದ. ಮರುದಿನ ನಾವು ಹೆಂಗಸರು ಮುಷ್ಕರ ಗಿಷ್ಕರ ಏನೂ ಹೂಡಲಿಲ್ಲ. ಹೊತ್ತಿಗೆ ಸರಿಯಾಗಿ ಹೋಗಿ ಕೂತೆವು, ಜಯಮ್ಮನನ್ನೂ ಕರೆದುಕೊಂಡೇ. "ಬಾರೇ" ಎಂದರೆ ಮಾತ್ರ ಯಾರೂ ತಿರುಗಲಿಲ್ಲ.

"ಕಿವಿ ಕೇಳ್ಸಕಿಲ್ವೇನ್ರೇ?"

ಕೇಳಿಸುವುದಿಲ್ಲ, ಏನೀಗ? ಯಾವ ಬೊಂಬೆಗೆ ಯಾವ ಬಣ್ಣ ಎಂದು ಹೇಳಲು ಅವರು ಕರೆಯಲೇಬೇಕು, ಕರೆದರೆ ನಾವು ಹೋಗುವುದಿಲ್ಲ. ಕೈಯಲ್ಲಿದ್ದ ಕೆಂಪನ್ನೇ ಹಚ್ಚುತ್ತಾ ಹೋದೆವು. ಮಧ್ಯಾಹ್ನದ ಹೊತ್ತಿಗೆ ಹಳದಿ ಆಗಬೇಕಿದ್ದ ಕುದುರೆಗಳೆಲ್ಲ ಕೆಂಪಗೆ ಸಾಲಾಗಿ ನಿಂತಿದ್ದವು.

ಯಜಮಾನರು ಸ್ಟೂಲು ಎಳೆದು ಕೂತು ಮೆತ್ತಗಾದರು. "ನೀವು ಮನೆ ಮಕ್ಳಿದ್ದಂಗೆ ಕಣ್ರವ್ವಾ. ಸಲುಗೆಯಿಂದ ಅಂತೀನಿ."

ಜಯಮ್ಮ ಕೈಯಲ್ಲಿದ್ದ ಕಡ್ಡಿಯನ್ನೂ ಕೆಳಗಿಡಲಿಲ್ಲ. "ಸಲುಗೆ ಎರಡೂ ಕಡೆ ಇರ್ಬೇಕಲ್ವಾ ಸಾಮಿ? ಅಂಗಾರೆ ನಾವೂ ಬಾರೋ ಅಂತೀವಿ."

ಅವಳ ಕೆಲಸದ ಜೊತೆಗೆ ನಮ್ಮೆಲ್ಲರದೂ ಹೋಯಿತು ಎಂದುಕೊಂಡೆ. ಯಜಮಾನರು ಕೆಂಪು ಕುದುರೆಗಳನ್ನು ನೋಡಿದರು, ನಮ್ಮನ್ನು ನೋಡಿದರು.

"ಜಯಮ್ಮಾ, ಹಳದಿ ಅರಗು ತಗೊಳ್ಳಿ."

ಆ "ತಗೊಳ್ಳಿ" ಕೇಳಿ ಆದ ಖುಷಿ, ಸುಳ್ಳೇಕೆ ಹೇಳಲಿ, ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಇಷ್ಟೆಲ್ಲ ನೆನೆದು, ಎದ್ದು ನಸ್ರೀನಳ ಲೇತಿನ ಮುಂದೆ ಹೋಗಿ ನಿಂತೆ. "ನಸ್ರೀನ್, ಒಸಿ ಬನ್ನಿ," ಎಂದೆ.

ನಸ್ರೀನ್ ಎದ್ದು ಬಂದರು.

ಈಗ ನನ್ನಲ್ಲೇ ಕೆಲಸ ಮಾಡುವ ಜಯಮ್ಮ ಪಕ್ಕದ ಲೇತಿನಿಂದ ನಕ್ಕಳು. "ಇವ್ಳಿಗೆ ತಿರುಗ್ಬ್ಯಾಡ ಅಂತ ಹೇಳ್ಕೊಟ್ಟಿದ್ದು ನಾನೇ ಕಣೇ. ನೀನು ಯಜಮಾನಿ ಆದ್ರೆ ನಂಗೇನು?"