ಬಾಯಲ್ಲಿ ಓಡಿದ ಇಂಜಿನ್

ಕಾರು ಓಡಿಸಲು ಕಲಿಸಿ ಹೊಟ್ಟೆ ಹೊರೆಯುವ ಆ ಸಜ್ಜನರಿಗೆ ಹೆತ್ತವರಿಟ್ಟ ಹೆಸರು ಪರವಾನಗಿ ಕಚೇರಿಯ ಕಡತಗಳಲ್ಲಿ ಮಾತ್ರ ಉಳಿದಿತ್ತು. ಜನರ ಬಾಯಲ್ಲಿ ಅವರು ಅರ್ಧ ಕ್ಲಚ್ ಮೇಷ್ಟ್ರು. ಕ್ಲಚ್ಚನ್ನು ಪೂರ್ತಿ ತುಳಿದವನು ಹೇಡಿ, ಪೂರ್ತಿ ಬಿಟ್ಟವನು ಅಹಂಕಾರಿ, ಎರಡರ ನಡುವೆ ಪಾದವನ್ನು ನಿಲ್ಲಿಸಬಲ್ಲವನೇ ಮನುಷ್ಯ ಎಂದು ಇಪ್ಪತ್ತೇಳು ವರ್ಷಗಳಿಂದ ಬೋಧಿಸುತ್ತ ಬಂದಿದ್ದರು. ಡ್ರೈಕ್ಲೀನಿಂಗ್ ಅಂಗಡಿಯ ಪಕ್ಕದ ಒಂದು ಕೋಣೆ, ಗೋಡೆಗೆ ರಸ್ತೆಚಿಹ್ನೆಗಳ ಪಟ, ಮೇಜಿನ ಮೇಲೆ ಹೊಟ್ಟೆ ಸೀಳಿಟ್ಟ ಒಂದು ಹಳೆಯ ಗೇರ್ ಪೆಟ್ಟಿಗೆ, ಕೋಣೆಯ ಹಿಂದೆ ಒಂದೇ ಕಾರು ಹಿಡಿಸುವಷ್ಟು ಅಂಗಳ: ಇಷ್ಟೇ ಅವರ ವಿದ್ಯಾಲಯ. ಪ್ರತಿದಿನ ಬೆಳಗ್ಗೆ ಪಾಠಕ್ಕೆ ಮೊದಲು ಸ್ಟಿಯರಿಂಗಿನ ಮೇಲೆ ಕೈಯಿಟ್ಟು, ಇಂದು ಯಾರಿಗೂ ಪೆಟ್ಟಾಗದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದರು. ಆಮೇಲೆ ಪಕ್ಕದ ಸೀಟಿಗೆ ಹೋಗಿ, ತಮ್ಮ ಕಾಲ ಬಳಿ ಬೇರೆಯಾಗಿ ಜೋಡಿಸಿದ್ದ ಬ್ರೇಕು ಮತ್ತು ಕ್ಲಚ್ಚಿನ ಮೇಲೆ ಪಾದಗಳನ್ನು ಊರುತ್ತಿದ್ದರು. ಪ್ರಾರ್ಥನೆ ಮಾಡಿದವನು ಕಾಲು ತೆಗೆಯಬಾರದೆಂಬುದು ಅವರ ಮತ.

ಅಷ್ಟರಲ್ಲಿ ಪೆಟ್ರೋಲ್ ಬೆಲೆ ಏರತೊಡಗಿತು. ಏರಿದ್ದು ಇಳಿಯುವುದೆಂದು ಒಂದು ತಿಂಗಳು ಕಾದರು. ಇಳಿಯಲಿಲ್ಲ, ಇನ್ನೊಂದು ಮೆಟ್ಟಿಲು ಹತ್ತಿತು. ಮೊದಲು ಊರಾಚೆಯ ದಿಬ್ಬದ ಪಾಠವನ್ನು ವಾರಕ್ಕೊಮ್ಮೆ ಮಾಡಿದರು, ಬಳಿಕ ಕೈಬಿಟ್ಟರು. ಕಲಿಯುವವರಿಂದ ಹೆಚ್ಚು ಕೇಳೋಣವೆಂದರೆ ಅವರೆಲ್ಲ ಅದೇ ಬೆಲೆಯೇರಿಕೆಯಲ್ಲಿ ಬೇಯುತ್ತಿರುವವರು. ಕೊನೆಗೆ ಒಂದು ಉಪಾಯ ಹೊಳೆಯಿತು. ಇಪ್ಪತ್ತು ದಿನದ ಪಾಠದಲ್ಲಿ ಎರಡು ದಿನ ಅಂಗಳದಲ್ಲಿ, ಹದಿನೆಂಟು ದಿನ ರಸ್ತೆಯಲ್ಲಿ ಎಂಬುದು ಹಳೆಯ ಪದ್ಧತಿ. ಈಗ ಹನ್ನೆರಡು ದಿನ ಅಂಗಳದಲ್ಲೇ ಕಳೆಯತೊಡಗಿದವು, ಇಂಜಿನ್ ಆರಿಸಿದ ಕಾರಿನಲ್ಲಿ.

ಇಂಜಿನ್ ಆರಿದ್ದರೆ ಕ್ಲಚ್ ಕಚ್ಚುವ ಕ್ಷಣ ಗೊತ್ತಾಗುವುದು ಹೇಗೆ? ಅದಕ್ಕೆ ಮೇಷ್ಟ್ರು ತಮ್ಮ ಗಂಟಲನ್ನೇ ಇಂಜಿನ್ ಮಾಡಿಕೊಂಡರು. ಕಲಿಯುವವರು ಕ್ಲಚ್ ತುಳಿದಾಗ ಹಗುರವಾಗಿ ಗುರುಗುಟ್ಟುವರು. ಪಾದ ಮೆಲ್ಲಗೆ ಮೇಲೇರಿದಂತೆ ಸ್ವರ ಭಾರವಾಗುವುದು. ಸರಿಯಾದ ಜಾಗಕ್ಕೆ ಬಂದೊಡನೆ "ಹ್ಞೂಂ" ಎಂದು ಎದೆಯಾಳದಿಂದ ಒಂದು ಹೂಂಕಾರ. ತಪ್ಪಿದರೆ ಎರಡು ಕೆಮ್ಮು, ಬಳಿಕ ಮೌನ. ಇಂಜಿನ್ ನಿಂತಿತೆಂದು ಅರ್ಥ. ಕಲಿಯುವವರಿಗೆ ಇದು ಬಹಳ ಹಿಡಿಸಿತು. ಮೇಷ್ಟ್ರಿಗೂ ತಮ್ಮ ಉಪಾಯದ ಮೇಲೆ ಪ್ರೀತಿ ಹುಟ್ಟಿತು. ಮನುಷ್ಯನಿಗೆ ತನ್ನ ಕೊರತೆಯೇ ತನ್ನ ಜಾಣತನವಾಗಿ ಕಾಣುವುದಕ್ಕಿಂತ ದೊಡ್ಡ ಮೋಸ ಬೇರೊಂದಿಲ್ಲ.

ಪಾಠದ ವೇಳೆಗಳನ್ನು ಡೈರಿಯಲ್ಲಿ ಬರೆದು ನೋಡಿಕೊಳ್ಳುತ್ತಿದ್ದ ಹೆಂಡತಿಗೆ ಮಾತ್ರ ಇದು ಸರಿಕಾಣಲಿಲ್ಲ. ಒಂದು ಸಂಜೆ ಗಂಡನ ದನಿ ಪೂರ್ತಿ ಒಡೆದದ್ದನ್ನು ಕೇಳಿ ಬಿಸಿನೀರು ತಂದಿಟ್ಟಳು.

"ಪೆಟ್ರೋಲ್ ಉಳಿಸೋಕೆ ಗಂಟಲು ಸುಟ್ಕೋತಿದ್ದೀರಿ. ಇದೂ ಕೆಟ್ಟು ನಿಂತ್ರೆ ನಾನು ಯಾವ ಗ್ಯಾರೇಜಿಗೆ ತಳ್ಕೊಂಡು ಹೋಗ್ಲಿ?"

ಹಳೆಯ ಕಾರು ಮುದಿಯಾಗಿತ್ತು, ಹೊಟ್ಟೆಬಾಕವಾಗಿತ್ತು. ಹೊಸ ಕಾರಿಗೆಂದು ಕೂಡಿಟ್ಟಿದ್ದ ಹಣ ಒಂದು ಕಾರಿಗೆ ಸಾಲುತ್ತಿತ್ತು, ಒಂದು ತಪ್ಪಿಗೆ ಸಾಲುವಂತಿರಲಿಲ್ಲ. ಹಾಗಾಗಿ ಸಿಕ್ಕವರನ್ನೆಲ್ಲ ವಿಚಾರಿಸಿದರು. ಗ್ಯಾಸ್ ಕಾರಿನಷ್ಟು ಲಾಭ ಇನ್ನೊಂದಿಲ್ಲವೆಂದ ಮೆಕ್ಯಾನಿಕ್ ಸ್ವತಃ ಸೈಕಲ್ಲಿನಲ್ಲಿ ಬಂದಿದ್ದ. ಕಾಗದದ ಸಗಟು ವ್ಯಾಪಾರಿಯಾದ ಭಾವಮೈದುನ, ಇನ್ನು ಮುಂದೆ ಎಲ್ಲವೂ ಕರೆಂಟಿನ ಕಾರೇ, ಉಳಿದದ್ದೆಲ್ಲ ಗುಜರಿ ಎಂದ. ಡ್ರೈಕ್ಲೀನಿಂಗಿನ ಯಜಮಾನರು ಆರು ತಿಂಗಳು ತಡೆಯಿರಿ, ಬೆಲೆ ತಾನೇ ಇಳಿಯುತ್ತದೆ ಎಂದರು. ಮುಂದಿನ ವಾರ ಮತ್ತೆ ಕೇಳಿದರೆ ಮೆಕ್ಯಾನಿಕ್ ಕರೆಂಟಿನ ಕಡೆ ವಾಲಿದ್ದ, ಭಾವಮೈದುನ ಗ್ಯಾಸಿನ ಕಡೆ ಹೊರಳಿದ್ದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಲ್ಲಾದರೂ ಎತ್ತು ಯಾವುದು, ಕೋಣ ಯಾವುದು ಎಂದು ತಿಳಿಯುತ್ತದೆ. ಇಲ್ಲಿ ಅದೂ ತಿಳಿಯುತ್ತಿರಲಿಲ್ಲ.

ಇನ್ನೂ ಒಂದು ಮುಳ್ಳು ಒಳಗೆ ಚುಚ್ಚುತ್ತಿತ್ತು. ಕರೆಂಟಿನ ಕಾರಿಗೆ ಕ್ಲಚ್ಚೇ ಇಲ್ಲ. ಅದನ್ನು ಕೊಂಡ ಮೇಲೆ ತಾನು ಕಲಿಸುವುದೇನನ್ನು, ಹಾರ್ನ್ ಒತ್ತುವುದನ್ನೇ? ಬೆಳಗಿನ ಪ್ರಾರ್ಥನೆಗೆ ಈಗ ಒಂದು ಮಾತು ಸೇರಿತು: ತಂದೆಯೇ, ಯಾವ ಕಾರು? ದೇವರು ಆ ವಿಷಯದಲ್ಲಿ ಮೌನವಾಗಿದ್ದ.

ಆಗ ಪಾಠಕ್ಕೆ ಬರುತ್ತಿದ್ದ ಆರು ಮಂದಿಯಲ್ಲಿ ನರ್ಸಮ್ಮ ಒಬ್ಬರು. ಐವತ್ತರ ಹೆಂಗಸು, ಎಣಿಸಿ ಮಾತಾಡುವವರು. ಎದ್ದು ಓಡಾಡಲಾಗದ ರೋಗಿಗಳ ಮನೆಗಳಿಗೆ ಹೋಗಿ ಆರೈಕೆ ಮಾಡುವ ಕೆಲಸಕ್ಕೆ ಆಸ್ಪತ್ರೆಯವರು ಅವರನ್ನು ಆರಿಸಿದ್ದರು. ಎರಡು ತಿಂಗಳೊಳಗೆ ಪರವಾನಗಿ ಸಿಗದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲು. ಅಂಗಳದಲ್ಲಿ ಅವರಷ್ಟು ಚೆನ್ನಾಗಿ ಕಲಿತವರು ಯಾರೂ ಇರಲಿಲ್ಲ. ಮೇಷ್ಟ್ರ ಒಂದೊಂದು ಸ್ವರಕ್ಕೂ ಅವರ ಪಾದ ಕೂದಲೆಳೆಯಷ್ಟು ಏರುತ್ತಿತ್ತು. ಉಳಿದ ಎಂಟು ದಿನ ರಸ್ತೆಗಿಳಿದಾಗಲೂ ಮೇಷ್ಟ್ರ ಗಂಟಲು ಅಭ್ಯಾಸಬಲದಿಂದ ಹೂಂಕರಿಸುತ್ತಲೇ ಇತ್ತು.

ಪರೀಕ್ಷೆಯ ದಿನ ಕಾರು ಪರೀಕ್ಷಾ ಮೈದಾನದ ಏರಿನ ನಡುವೆ ನಿಂತಿತು. ಒಳಗೆ ನರ್ಸಮ್ಮ ಮತ್ತು ಪರೀಕ್ಷಕರು. ನಿಯಮದಂತೆ ಮೇಷ್ಟ್ರು ಹೊರಗೆ, ಏರಿನ ಬುಡದಲ್ಲಿ. ಹೊರಡಿ ಎಂದು ಪರೀಕ್ಷಕರು ಹೇಳಿದ್ದು ಕೇಳಿಸಿತು. ಕಾರು ಹೊರಡಲಿಲ್ಲ. ಇನ್ನೊಮ್ಮೆ ಹೇಳಿದರು. ಇಂಜಿನ್ ಗುನುಗುತ್ತಿದೆ, ನರ್ಸಮ್ಮ ತಲೆ ತುಸು ವಾಲಿಸಿ, ಯಾರೋ ಕರೆಯಲಿದ್ದಾರೆ ಎಂಬಂತೆ ಕುಳಿತಿದ್ದಾರೆ. ಮೂರನೆಯ ಸಲಕ್ಕೆ ಗಾಬರಿಯಾಗಿ ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತಿಬಿಟ್ಟರು. ಕಾರು ಕುಪ್ಪಳಿಸಿ ಆರಿತು, ಅವರು ಮತ್ತೆ ಕ್ಲಚ್ ತುಳಿದೊಡನೆ ಹಿಂದಕ್ಕೆ ಉರುಳತೊಡಗಿತು. ಪರೀಕ್ಷಕರು ಕೈಬ್ರೇಕ್ ಎಳೆದಾಗ ಬಂಪರಿಗೂ ಮೇಷ್ಟ್ರ ಮೊಣಕಾಲಿಗೂ ನಡುವೆ ಒಂದು ಗೇಣು ಉಳಿದಿತ್ತು. ಅವರ ಕಾಲುಗಳು ಇಲ್ಲದ ಪೆಡಲುಗಳನ್ನು ನೆಲದ ಮೇಲೆ ತುಳಿಯುತ್ತ ನಿಂತಲ್ಲೇ ನಿಂತಿದ್ದವು. ಓಡಬೇಕೆಂದು ಹೊಳೆದಿರಲೇ ಇಲ್ಲ.

ನರ್ಸಮ್ಮ ಇಳಿದು ಬಂದರು. ಕಣ್ಣಲ್ಲಿ ನೀರಿರಲಿಲ್ಲ, ಅಚ್ಚರಿ ಇತ್ತು.

"ಕಾಯ್ತಾ ಇದ್ದೆ ಮೇಷ್ಟ್ರೇ. ನಿಮ್ಮ ಹೂಂಕಾರ ಬರ್ಲಿಲ್ಲ."

"ಇಂಜಿನ್ ಓಡ್ತಾ ಇತ್ತಲ್ಲಮ್ಮ?"

"ಓಡ್ತಿತ್ತು. ಅದು ಹೇಳೋದು ನಂಗೆ ತಿಳಿಯಲ್ಲ. ನೀವು ಹೇಳೋದಾದ್ರೆ ತಿಳಿಯುತ್ತೆ."

ದೂರಿನ ಸುಳಿವೂ ಇಲ್ಲದ ಆ ಮಾತು ಮೇಷ್ಟ್ರ ಎದೆಗೆ ಗಾಣದ ಕಲ್ಲಿನಂತೆ ಬಿತ್ತು. ಯಾರಿಗೂ ಪೆಟ್ಟಾಗದಿರಲಿ ಎಂದು ಬೇಡಿಕೊಳ್ಳುತ್ತಲೇ ಪೆಟ್ಟಿಗೆ ದಾರಿ ಮಾಡಿದ್ದವರು ತಾವೇ. ಬೆಂಚಿನ ಮೇಲೆ ಕುಳಿತು, ರಸ್ತೆಯ ಹತ್ತು ದಿನಗಳನ್ನು ತಾವು ಕಡಿದದ್ದನ್ನು ಮುಚ್ಚಿಡದೆ ಹೇಳಿ ಕ್ಷಮೆ ಕೇಳಿದರು. ಆ ಹತ್ತು ದಿನವನ್ನು ನಾಳೆಯಿಂದಲೇ ದಿಬ್ಬದಲ್ಲಿ ಕೊಡುವುದಾಗಿಯೂ ಹೇಳಿದರು. ನರ್ಸಮ್ಮ ಆ ಪಾಠವನ್ನು ತಮ್ಮ ಆಸ್ಪತ್ರೆಯ ಕಾರಿನಲ್ಲೇ ಮಾಡಬಹುದೇ ಎಂದು ಕೇಳಿದರು. ಬೆಲೆ ಏರಿದ ಮೇಲೆ ಆಸ್ಪತ್ರೆಯವರು ಪೆಟ್ರೋಲ್ ಕಾರುಗಳನ್ನೆಲ್ಲ ಮಾರಿ ಕರೆಂಟಿನವನ್ನು ತಂದಿದ್ದರಂತೆ. ಅವುಗಳಲ್ಲಿ ಇರುವುದು ಎರಡೇ ಪೆಡಲು.

ಮೇಷ್ಟ್ರು ಬೆಂಚಿನಿಂದ ಎದ್ದೇಬಿಟ್ಟರು. "ಹಾಗಿದ್ರೆ ಕ್ಲಚ್ ಯಾಕಮ್ಮ ಕಲಿತ್ರಿ?"

"ನೀವು ಕೇಳ್ಲಿಲ್ಲ. ಮೊದಲು ಕಹಿ ಔಷಧಿ ಕುಡಿಸೋದೇ ನಿಮ್ಮ ಕ್ರಮ ಇರಬೇಕು ಅಂತ ನಾನೂ ಸುಮ್ಮನಿದ್ದೆ."

ಮರುದಿನದಿಂದ ಆಸ್ಪತ್ರೆಯ ಕಾರಿನಲ್ಲಿ ಪಾಠ. ಮೇಷ್ಟ್ರ ಬದಿಯಲ್ಲಿ ಯಾವ ಪೆಡಲೂ ಇರಲಿಲ್ಲ, ಬರಿಯ ಮ್ಯಾಟು. ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಪಾದಗಳು ನಿರುದ್ಯೋಗಿಗಳಾದವು. ಪ್ರತಿ ತಿರುವಿನಲ್ಲೂ ಮ್ಯಾಟನ್ನು ಒತ್ತುತ್ತಿದ್ದರು, ಒತ್ತಿದರೆ ಏನೂ ಆಗುತ್ತಿರಲಿಲ್ಲ. ಮೇಷ್ಟ್ರೇ, ಮೀನಖಂಡದಲ್ಲಿ ಸೆಳೆತವೇ ಎಂದು ನರ್ಸಮ್ಮ ವೃತ್ತಿಧರ್ಮದಂತೆ ವಿಚಾರಿಸಿದರು. ನಂಬಿಕೆ ನಂಬಿಕೆ ಎಂದು ಜೀವಮಾನವಿಡೀ ಹೇಳಿಕೊಂಡು ಬಂದವರಿಗೆ, ತಮ್ಮ ಕಾಲಡಿಯಲ್ಲಿ ಬ್ರೇಕಿಲ್ಲದಾಗಲೂ ಕೂತಿರುವುದೇ ನಂಬಿಕೆ ಎಂದು ಆ ಸೀಟಿನಲ್ಲಿ ತಿಳಿಯಿತು. ತಿಳಿದದ್ದರಿಂದ ಭಯ ಕಡಿಮೆಯಾಗಲಿಲ್ಲ.

ಕಾರು ಸದ್ದೇ ಮಾಡುತ್ತಿರಲಿಲ್ಲ. ಮೂರನೆಯ ದಿನ, ಚೀಲ ಹೊತ್ತ ಮುದುಕರೊಬ್ಬರು ಹಿಂದೆ ಕಾರಿದೆಯೆಂದು ಅರಿಯದೆ ನಡುರಸ್ತೆಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು. ನರ್ಸಮ್ಮ ಹಾರ್ನ್ ಮಾಡದೆ, ಅವರ ನಡಿಗೆಗೆ ತಮ್ಮ ವೇಗವನ್ನು ಇಳಿಸಿ ಹಿಂದೆಯೇ ಸಾಗಿದರು. ಇದನ್ನು ಮೇಷ್ಟ್ರು ಕಲಿಸಿರಲಿಲ್ಲ. ರೋಗಿಗಳನ್ನು ನಡೆಸಿ ನಡೆಸಿ ಬಂದ ವಿದ್ಯೆ ಅದು. ಹತ್ತು ದಿನ ಮುಗಿಸಿ ನರ್ಸಮ್ಮ ಅದೇ ಕಾರಿನಲ್ಲಿ ಪರೀಕ್ಷೆಗೆ ಕೂತು ಉತ್ತೀರ್ಣರಾದರು.

ಮೇಷ್ಟ್ರಿಗೆ ಆನಂದವಾಯಿತು. ಆನಂದದ ಬೆನ್ನಿಗೇ ಏನೋ ಕಳೆದುಕೊಂಡಂತೆಯೂ ಆಯಿತು. ತಾವು ಧರ್ಮವೆಂದು ಬೋಧಿಸಿದ್ದರ ಒಂದಕ್ಷರವೂ ಬಳಕೆಯಾಗದೆ ಆಕೆ ಗೆದ್ದಿದ್ದರು. ಇದು ತಮ್ಮ ಗೆಲುವೋ ಸೋಲೋ? ಭಾವಮೈದುನನಿಗೆ ಇಂಥ ಗೊಂದಲವಿರಲಿಲ್ಲ. ಮತ್ತೆ ಕರೆಂಟಿನ ಪಕ್ಷಕ್ಕೆ ಬಂದಿದ್ದ ಆತ, ನಾನು ಮೊದಲೇ ಹೇಳಿದ್ದೆನಲ್ಲ ಭಾವ ಎಂದು ಎದೆ ತಟ್ಟಿಕೊಂಡ. ಮೇಷ್ಟ್ರು ಹೆಚ್ಚುಕಡಿಮೆ ಒಪ್ಪಿಯೇಬಿಟ್ಟಿದ್ದರು. ಆದರೆ ನೀವು ಕೇಳಲಿಲ್ಲ ಎಂಬ ನರ್ಸಮ್ಮನ ಮಾತು ಬೆರಳಿಗೆ ಹೊಕ್ಕ ಸಿಬಿರಿನಂತೆ ಉಳಿದಿತ್ತು. ಶನಿವಾರ ಮಧ್ಯಾಹ್ನ ಉಳಿದ ಐವರನ್ನೂ ಕರೆಸಿ ಬೆಂಚಿನ ಮೇಲೆ ಕೂರಿಸಿ, ಕಲಿತ ಮೇಲೆ ನೀವು ಓಡಿಸುವುದು ಯಾವ ಕಾರು ಎಂದು ಕೇಳಿದರು.

ಬ್ಯಾಂಕಿನ ಗುಮಾಸ್ತನಿಗೆ ಮಾವ ತಮ್ಮ ದೊಡ್ಡ ಪೆಟ್ರೋಲ್ ಕಾರನ್ನು ದಾನ ಮಾಡಿದ್ದರು. ಸಾಕಲಾರದ ಆನೆಯನ್ನು ಅಳಿಯನ ಕೊರಳಿಗೆ ಕಟ್ಟಿದ್ದಾರೆ ಎಂದು ಆತ ನಿಟ್ಟುಸಿರಿಟ್ಟ. ಬ್ರೆಡ್ ಕಾರ್ಖಾನೆಯ ಹುಡುಗಿ ಡೀಸೆಲ್ ವ್ಯಾನ್ ಓಡಿಸಬೇಕಾದವಳು, ಅವಳಿಗೆ ಐದು ಗೇರೂ ಬೇಕು. ಹೊಸದಾಗಿ ಮದುವೆಯಾದ ಜೋಡಿಯಲ್ಲಿ ಗಂಡ ಕರೆಂಟಿನದೆಂದ. ನಾಲ್ಕನೆಯ ಮಹಡಿಯಿಂದ ವೈರು ಇಳಿಬಿಟ್ಟು ಚಾರ್ಜ್ ಮಾಡೋದನ್ನ ನಿಮ್ಮಮ್ಮನ ಹತ್ರ ನೀವೇ ಹೇಳಿ ಎಂದು ಹೆಂಡತಿ ಅಲ್ಲೇ ಚುಚ್ಚಿದಳು. ನಿವೃತ್ತ ಮುಖ್ಯೋಪಾಧ್ಯಾಯಿನಿ ಮೊದಲು ಪೆಟ್ರೋಲಿನದು, ಆಮೇಲೆ ಕರೆಂಟಿನದು, ಆಮೇಲೆ ಗ್ಯಾಸಿನದು ಎಂದು ಮೂರು ಸಲ ಮುಂಗಡ ಕೊಟ್ಟು ಮೂರನ್ನೂ ರದ್ದು ಮಾಡಿದ್ದರು.

"ಈಗ ಯಾವುದು ಅಂತ ತೀರ್ಮಾನ ಮಾಡಿದ್ದೀರಿ ಮೇಡಂ?" ಎಂದರು ಮೇಷ್ಟ್ರು.

"ನಾನೇನು ತೀರ್ಮಾನ ಮಾಡ್ಲಿ? ನೀವು ಯಾವುದು ತಗೋತೀರೋ ನೋಡ್ಕೊಂಡು ಅದನ್ನೇ ತಗೊಳ್ಳೋಣ ಅಂತ ಕಾಯ್ತಾ ಇದೀನಿ."

ಗುಮಾಸ್ತ ತಲೆಯಾಡಿಸಿದ. ನವದಂಪತಿಗಳು ಅಂದಿನ ಮಟ್ಟಿಗೆ ಮೊದಲ ಬಾರಿ ಒಮ್ಮತಕ್ಕೆ ಬಂದರು. ಮೇಷ್ಟ್ರು ಸೂರು ನೋಡಿದರು. ತಾವು ಹತ್ತು ಜನರ ಬಾಯಿ ನೋಡುತ್ತಿದ್ದರೆ ಇವರೆಲ್ಲ ತಮ್ಮ ಬಾಯಿ ನೋಡುತ್ತಿದ್ದರು. ಈಗ ಗಂಭೀರವಾಗಿ ಯಾವುದಾದರೊಂದು ಹೆಸರು ಹೇಳಿಬಿಟ್ಟರೆ ಎಲ್ಲರೂ ನಂಬುವರು. ಗಂಟಲಿನಿಂದ ಬಂದ ಇಂಜಿನನ್ನು ನಂಬಿರಲಿಲ್ಲವೇ, ಹಾಗೆ.

"ಯಾವ ಕಾರು ಒಳ್ಳೇದು ಅಂತ ನಂಗೆ ಗೊತ್ತಿಲ್ಲ," ಎಂದರು. ಗುರುವಾದ ಮೇಲೆ ಅವರು ಆ ಮಾತು ಹೇಳಿದ್ದು ಅದೇ ಮೊದಲು. "ಗೊತ್ತಿರೋದು ಇಷ್ಟೇ. ನಿಮಗೆಲ್ಲ ಹತ್ತತ್ತು ದಿನ ರಸ್ತೆ ಪಾಠ ಕೊಟ್ಟಿಲ್ಲ. ಪೆಟ್ರೋಲ್ ಉಳಿಸ್ದೆ. ತಪ್ಪಾಯ್ತು."

ಬ್ರೆಡ್ಡಿನ ಹುಡುಗಿ, ಅಂಗಳದ ಪಾಠ ಚೆನ್ನಾಗಿಯೇ ಇತ್ತಲ್ಲ ಮೇಷ್ಟ್ರೇ ಎಂದು ಸಮಾಧಾನ ಹೇಳಿದಳು. ಚೆನ್ನಾಗಿದ್ದದ್ದೇ ಅಪಾಯವಾಯಿತು ತಾಯಿ ಎಂದು ಮೇಷ್ಟ್ರು ಏರಿನಲ್ಲಿ ನಡೆದದ್ದನ್ನೆಲ್ಲ, ಮೊಣಕಾಲಿನ ಮುಂದೆ ಉಳಿದ ಗೇಣು ಸಹಿತ, ವಿವರಿಸಿದರು. ಗೇರ್ ಬೇಕಾದವರಿಗೆ ಗೇರ್, ಬೇಡವಾದವರಿಗೆ ರಸ್ತೆ, ಯಾವುದೆಂದು ತಿಳಿಯದವರಿಗೆ ಎರಡೂ. ನಾಳೆಯಿಂದ ಎಲ್ಲರೂ ದಿಬ್ಬಕ್ಕೆ, ಇಂಜಿನ್ ಹಚ್ಚಿಕೊಂಡು.

ಅವರೆಲ್ಲ ಹೋದ ಮೇಲೆ ಹೆಂಡತಿ ಡೈರಿ ತೆರೆದಳು. ಐವರ ಹತ್ತತ್ತು ದಿನಕ್ಕೆ ಪೆಟ್ರೋಲ್ ಎಲ್ಲಿಂದ ಎಂದು ಅವಳು ಕೇಳಲಿಲ್ಲ. ಹೊಸ ಕಾರಿಗೆಂದು ಇಟ್ಟದ್ದರಿಂದಲೇ ಎಂದು ಅವಳಿಗೆ ಗೊತ್ತಿತ್ತು.

"ಅಂದ್ರೆ ಕಾರಿನ ವಿಷಯ?"

"ದೇವರು ಇನ್ನೂ ಹೇಳಿಲ್ಲ ಕಣೇ."

"ಊರೆಲ್ಲ ಕೇಳ್ತಾ ಹೋದ್ರೆ ಅವನಿಗೆ ಬಾಯಿ ಹಾಕೋಕೆ ಸಂದಿ ಎಲ್ಲಿ? ನಾಳೆ ಆರು ಗಂಟೆಗೆ ಯಾರು ಅಂತ ಹೇಳಿ, ಬರ್ಕೋತೀನಿ."

ಬ್ರೆಡ್ಡಿನ ಹುಡುಗಿ ಎಂದರು ಮೇಷ್ಟ್ರು. ಅವಳು ಬರೆದುಕೊಂಡಳು.

ಸಂಜೆ ಅವರೊಬ್ಬರೇ ಹಳೆಯ ಕಾರನ್ನು ಬಂಕಿಗೆ ಒಯ್ದು ಟ್ಯಾಂಕ್ ತುಂಬಿಸಿದರು. ಮುಳ್ಳು ಮೇಲಿನ ಗೆರೆಯನ್ನು ಮುಟ್ಟಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಹಿಂದಿರುಗುವಾಗ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಎಡಕ್ಕೆ ಸದ್ದಿಲ್ಲದ ಹೊಸ ಕಾರೊಂದು ನಿಂತಿತು, ಬಲಕ್ಕೆ ಗ್ಯಾಸ್ ಸಿಲಿಂಡರಿನ ಭಾರಕ್ಕೆ ಹಿಂಭಾಗ ಕುಸಿದ ಇನ್ನೊಂದು. ಎಡಗಡೆಯದರ ಚಾಲಕ ನಿಶ್ಚಿಂತನಾಗಿ ಕಂಡ. ಬಲಗಡೆಯವನೂ ನಿಶ್ಚಿಂತನೇ. ಮೇಷ್ಟ್ರು ಅತ್ತ ನೋಡಿದರು, ಇತ್ತ ನೋಡಿದರು, ಮತ್ತೆ ಅತ್ತ ನೋಡಿದರು. ಹಸಿರು ದೀಪ ಹತ್ತಿ ಎರಡೂ ಕಾರುಗಳು ಹೊರಟುಹೋದದ್ದು, ಹಿಂದಿನವರು ಹಾರ್ನ್ ಹೊಡೆದಾಗಲೇ ಅವರಿಗೆ ತಿಳಿದದ್ದು.