ಕೊಡದ ಮೆಲುಕು

ಬೆಳಿಗ್ಗೆಯಿಂದ ಮೂರು ಸಲ ಸೋಪು ಹಚ್ಚಿ ತೊಳೆದರೂ ಕೈಗೆ ಹತ್ತಿದ ಮೆಲುಕಿನ ಹುಳಿ ವಾಸನೆ ಹೋಗಿಲ್ಲ. ಆ ವಾಸನೆಗೇ ಬದಿಮನೆಯ ಮಾವ ನೆನಪಾದ. ಸಂಬಂಧದಲ್ಲಿ ಮಾವನೇನಲ್ಲ, ನಮ್ಮೂರು ಮಾಗಳದ ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದೆವು. ಕುರಿಯ ಬೆನ್ನಿಗೆ ಹೆಬ್ಬೆರಳು ಒತ್ತಿ ಕೊಬ್ಬು ಎಷ್ಟಿದೆ ಎಂದು ಹೇಳುವುದರಲ್ಲಿ ಆತನನ್ನು ಮೀರಿಸಿದವರಿಲ್ಲ. ಇದನ್ನು ಒಪ್ಪಿಕೊಳ್ಳುವಾಗಲೂ ನನ್ನ ಹೊಟ್ಟೆ ಉರಿಯುತ್ತದೆ.

ನಾನು ಬಾಟಲಿ ಹಾಲು ಕುಡಿಸಿ ಬೆಳೆಸಿದ ಟಗರು ಒಮ್ಮೆ ಮೆಕ್ಕೆಜೋಳದ ರಾಶಿಗೆ ಬಾಯಿ ಹಾಕಿ ಹೊಟ್ಟೆ ಕೆಡಿಸಿಕೊಂಡಿತು. ಮೆಲುಕು ಹಾಕುವುದನ್ನೇ ಬಿಟ್ಟಿತು. ದಿನದಿನಕ್ಕೆ ಕೊಬ್ಬು ಕರಗಿ ಬೆನ್ನೆಲುಬು ಕೈಗೆ ಸಿಗತೊಡಗಿತು. ನಮ್ಮಲ್ಲಿ ಇದಕ್ಕೊಂದು ಮದ್ದಿದೆ: ಗಟ್ಟಿಮುಟ್ಟಾದ ಕುರಿ ಮೆಲುಕಾಡುವಾಗ ಅದರ ಬಾಯಿಂದ ಒಂದು ತುತ್ತು ತೆಗೆದು ರೋಗದ ಕುರಿಗೆ ನುಂಗಿಸುವುದು. ಓಣಿಯಲ್ಲಿ ಮತ್ತೆ ಕುರಿ ಇದ್ದದ್ದು ಆತನ ಹಟ್ಟಿಯಲ್ಲಷ್ಟೇ.

"ಒಂದು ತುತ್ತು ಮೆಲುಕು ಕೊಡ್ರಿ ಮಾವ," ಎಂದು ಕೈಮುಗಿದೆ.

"ಕೊಟ್ರ ನನ್ನ ಟಗರಿನ ಕೊಬ್ಬು ನಿನ್ನ ಹಟ್ಟಿಗೆ ಹೋಗತೈತಿ. ಆಗಂಗಿಲ್ಲ, ನಡಿ ನಡಿ."

ಮೂರನೇ ದಿನ ಟಗರು ಸತ್ತಿತು. ಅದನ್ನು ಹೂಳಿದ ಮಣ್ಣನ್ನೇ ಮುಟ್ಟಿ ಶಾಪ ಹಾಕಿದೆ: ನಿನಗೂ ಈ ಗತಿ ಬರಲಿ, ನೀನೂ ನನ್ನ ಬಾಗಿಲಿಗೇ ಬರಬೇಕು!

ಬಂತು. ಎರಡು ವರ್ಷಕ್ಕೆ ಆತನೇ ಕೊಬ್ಬಿಸುವ ಹಟಕ್ಕೆ ಬಿದ್ದು ಬರೀ ಕಾಳು ತಿನ್ನಿಸಿದ, ಆತನ ಹಟ್ಟಿಯಲ್ಲಿ ಉಳಿದಿದ್ದ ಒಂದೇ ಟಗರು ಮೆಲುಕು ಬಿಟ್ಟಿತು. ಅಷ್ಟರಲ್ಲಿ ನಾನು ಮತ್ತೆ ಎರಡು ಟಗರು ಕಟ್ಟಿದ್ದೆ. ಮಾವ ಹೆಗಲ ಟವೆಲ್ ಕೈಯಲ್ಲಿ ಹಿಡಿದು ನನ್ನ ಹೊಸ್ತಿಲಾಚೆ ನಿಂತ.

"ಯವ್ವಾ, ಅದು ನನ್ನ ಮಗ ಇದ್ದಂಗ ಐತಿ..."

ಆತ ಅಂದು ಆಡಿದ ಮಾತನ್ನೇ ಒಂದಕ್ಷರ ಬಿಡದೆ ಆತನಿಗೆ ಒಪ್ಪಿಸಿದೆ. ಮುಖ ಕಪ್ಪಿಟ್ಟಿತು. ಆಹಾ, ಆ ಮಧ್ಯಾಹ್ನ ಉಂಡ ರೊಟ್ಟಿಯ ರುಚಿ... ಟಗರು ಉಳಿಯಲಿಲ್ಲ. ಆಮೇಲೆ ಆತ ಯಾರ ಕುರಿಯ ಬೆನ್ನನ್ನೂ ಮುಟ್ಟಲಿಲ್ಲ.

ಮುಂದೆ ಹಡಗಲಿಯಿಂದ ಬಂದ ದನದ ಡಾಕ್ಟರ್ ನಮ್ಮ ಕಥೆ ಕೇಳಿ ನಕ್ಕುಬಿಟ್ಟರು. "ಹೊಟ್ಟಿಯೊಳಗ ಕಣ್ಣಿಗೆ ಕಾಣದ ಸಣ್ಣ ಜೀವ ಲೆಕ್ಕ ಇಲ್ಲದಷ್ಟು ಅದಾವ್ರಿ. ಹುಲ್ಲನ್ನ ಕೊಬ್ಬಾಗೋ ರಸ ಮಾಡೋವು ಅವ. ಕಾಳು ಹೆಚ್ಚಾದ್ರ ಒಳಗ ಹುಳಿ ಏರಿ ಆ ಜೀವ ಸಾಯ್ತಾವ. ಮೆಲುಕು ಅಂದ್ರ ಹೆಪ್ಪು ಇದ್ದಂಗ. ಹೆಪ್ಪು ಕೊಟ್ರ ಮೊಸರು ಕಡಿಮಿ ಆಗತೈತೇನ್ರಿ?"

ಒಂದು ತುತ್ತಿಗೆ ಎರಡು ಟಗರು ಸತ್ತವು. ಹೋದ ವರ್ಷ ಮಾವನೂ ಹೋದ.

ಇವತ್ತು ಬೆಳಿಗ್ಗೆ ಆತನ ಸೊಸೆ ಅಳುತ್ತ ಬಂದಳು, ಅವಳ ಕುರಿ ಮೆಲುಕು ಬಿಟ್ಟಿತ್ತು. ನನ್ನ ಟಗರಿನ ಬಾಯಿಗೆ ಕೈ ಹಾಕಿ ಒಂದು ತುತ್ತು ತೆಗೆದುಕೊಟ್ಟೆ. ಅವಳು ಹೋದ ಮೇಲೆ ಅದರ ಬೆನ್ನು ಒತ್ತಿ ನೋಡಿದೆ, ಕೊಬ್ಬು ಇದ್ದಂತೆಯೇ ಇದೆ. ನಾನು ಕರಗಿದ್ದೇನೆ ಅಂದುಕೊಳ್ಳಬೇಡಿ. ಆತನೇ ಬಂದು ನಿಂತಿದ್ದರೆ ಇವತ್ತೂ ಇಲ್ಲ ಅನ್ನುತ್ತಿದ್ದೆ... ಅನ್ನಿಸಿಕೊಳ್ಳಲು ಆತನಿಲ್ಲ.